ಮನೆಗೆ ಬಂದ ಕೀಲಿ

ಮಗನ ಪ್ಯಾಂಟು ನೆನೆಹಾಕುವ ಮೊದಲು ಅದರ ಜೇಬಿಗೆಲ್ಲ ಕೈ ಹಾಕಿ ನೋಡುವುದು ನನ್ನ ಅಭ್ಯಾಸ. ಸೊಸೆ ಲತಾಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಗಂಡನ ಜೇಬು ನೋಡುವ ಹಕ್ಕು ತನ್ನದು ಎಂದಿರಬಹುದು, ಬಾಯಿಬಿಟ್ಟು ಹೇಳಿಲ್ಲ. ಬಟ್ಟೆ ಒಗೆಯುವ ಯಂತ್ರ ತಂದ ಮೇಲೆ, ನೀವು ಯಾಕೆ ಕಷ್ಟಪಡ್ತೀರಿ ಅತ್ತೆ, ಅದರೊಳಗೆ ಹಾಕಿದರೆ ಆಯಿತು ಎಂದಳು. ಆ ಯಂತ್ರಕ್ಕೆ ಜೇಬು ನೋಡಲು ಬರುತ್ತದೆಯೇ ಎಂದು ಕೇಳಿದೆ.

ನಾವಿರುವುದು ಅಹಮದಾಬಾದಿನ ನರೋಡಾದಲ್ಲಿ, ಕಾರ್ಖಾನೆಗಳ ಪಕ್ಕ. ಸಂಜೆ ಆ ಕಡೆಯ ಗಾಳಿ ಬೀಸಿದರೆ ಮೂಗಿನೊಳಗೆ ಹುಳಿ ವಾಸನೆ ಕೂರುತ್ತದೆ. ಮಗ ಸೀನ ಬಣ್ಣದ ಪುಡಿ ಮಾಡುವ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿಗೆ ಮೇಲ್ವಿಚಾರಕ. ಅವನ ಪ್ಯಾಂಟು ನೆನೆಹಾಕಿದರೆ ಬಕೆಟ್ಟಿನ ನೀರು ಒಂದು ದಿನ ನೀಲಿ, ಒಂದು ದಿನ ಕೆಂಪು. ಇವತ್ತು ಅಲ್ಲಿ ಯಾವ ಬಣ್ಣ ಅರೆದರು ಎಂದು ಅವನನ್ನು ಕೇಳಬೇಕಾಗಿಲ್ಲ. ನಾನು ಇಲ್ಲಿಗೆ ಬಂದು ಕೆಲವು ವರ್ಷಗಳಾದರೂ ಗುಜರಾತಿ ಬಂದದ್ದು ಅಷ್ಟಕ್ಕಷ್ಟೆ. ಪಕ್ಕದ ಮನೆಯ ಹೆಂಗಸು ಕೇಮ್ ಛೋ, ಹೇಗಿದ್ದೀರಿ ಎಂದರೆ ಮಜಾ ಮಾ, ಚೆನ್ನಾಗಿದ್ದೇನೆ ಎನ್ನುತ್ತೇನೆ. ಮೊಣಕಾಲು ಸಿಡಿಯುತ್ತಿದ್ದರೂ ಮಜಾ ಮಾ. ನೋವು ಹೇಳಲು ಬೇಕಾದ ಮಾತು ಇನ್ನೂ ಕಲಿತಿಲ್ಲ. ಹಿಂದಿ ಮಾತ್ರ ಕೇಳಿದರೆ ಅರ್ಥವಾಗುತ್ತದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಹೀಗೆ ಕೈ ಹಾಕಿದಾಗ ಸೀನನ ಜೇಬಿನಲ್ಲಿ ಒಂದು ಕೀಲಿ ಸಿಕ್ಕಿತು. ಮನೆಯದಲ್ಲ, ಸ್ಕೂಟರಿನದಲ್ಲ. ಹಿತ್ತಾಳೆಯ ಚಿಕ್ಕ ಕೀಲಿ, ಅದಕ್ಕೆ ಕೆಂಪು ಪ್ಲಾಸ್ಟಿಕ್ಕಿನ ಬಿಲ್ಲೆ. ಓದು ಬರಹದಲ್ಲಿ ನಾನು ಹಿಂದೆ. ಶಾಲೆ ಮೂರನೇ ತರಗತಿಗೇ ನಿಂತಿತು, ಇದನ್ನು ಬರೆಯುವಾಗಲೂ ಒತ್ತಕ್ಷರ ಬಂದ ಕಡೆ ಪೆನ್ನು ನಿಲ್ಲುತ್ತದೆ. ಆದರೆ ಆ ಕೀಲಿ ಏನೆಂದು ತಿಳಿಯಲು ಬಿಲ್ಲೆಯ ಮೇಲಿನ ಅಕ್ಷರ ಓದಬೇಕಾಗಿರಲಿಲ್ಲ. ಇಂಥ ಕೀಲಿ ನನ್ನ ಕೈಗೆ ಹಿಂದೆಯೂ ಬಂದಿದೆ. ಅದಕ್ಕೂ ಮೊದಲು ಕೀಲಿಯ ಬದಲು ಬೇರೆಯದೇ ಬರುತ್ತಿತ್ತು.

ನಮ್ಮ ಯಜಮಾನರು ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಆ ಗಣಿ ಯಾವುದು, ಎಲ್ಲಿ ಎಂದು ನೀವು ಕೇಳಬೇಡಿ. ಮುಚ್ಚಿಹೋದದ್ದನ್ನು ಹೆಸರು ಹಿಡಿದು ಕರೆದು ಆಗಬೇಕಾದದ್ದೇನೂ ಇಲ್ಲ. ಚಿನ್ನದ ಗಣಿ ಎಂದ ಕೂಡಲೇ ಇಲ್ಲಿನ ಹೆಂಗಸರು ನನ್ನ ಕೈ, ಕಿವಿ ನೋಡುತ್ತಾರೆ. ಕಿವಿಯಲ್ಲಿರುವುದು ಅಪ್ಪ ಹಾಕಿಸಿದ ಓಲೆ, ಗಣಿಯಿಂದ ಬಂದದ್ದಲ್ಲ. ಗಣಿಯಿಂದ ಮನೆಗೆ ಬರುತ್ತಿದ್ದದ್ದು ಕೆಸರು, ಕೆಮ್ಮು ಮತ್ತು ಸಂಬಳ. ಒಂದು ಗುಲಗಂಜಿ ಚಿನ್ನವೂ ಆಚೆ ಹೋಗಬಾರದೆಂದು ಶಿಫ್ಟು ಬಿಟ್ಟು ಮೇಲೆ ಬಂದವರನ್ನು ಗೇಟಿನಲ್ಲಿ ನಿಲ್ಲಿಸಿ ಹುಡುಕುತ್ತಿದ್ದರು. ಬಾಯಿ ತೆರೆಸುವುದು, ತಲೆಗೂದಲಲ್ಲಿ ಬೆರಳಾಡಿಸುವುದು, ಚಪ್ಪಲಿ ಬಡಿಯುವುದು ಎಲ್ಲ ಇತ್ತು.

ಕರೆಂಟು ಗಣಿಗೆ ಬಂದದ್ದು ನಾನು ಹುಟ್ಟುವುದಕ್ಕೂ ಮುಂಚೆ. ಆದರೆ ಅದು ಮೇಲೆ ಮೇಲೆಯೇ ಇತ್ತು. ನೀರೆತ್ತುವುದಕ್ಕೆ, ಜನರನ್ನು ಇಳಿಸುವ ತೊಟ್ಟಿಲಿಗೆ, ದೊರೆಗಳ ಬಂಗಲೆಯ ದೀಪಕ್ಕೆ. ಕೆಳಗೆ, ಕಲ್ಲು ಒಡೆಯುವ ಜಾಗಕ್ಕೆ ಅದು ಇಳಿದದ್ದು ನಾನು ಮದುವೆಯಾಗಿ ಗಣಿ ಕೆಲಸದವರ ಲೈನ್ ಮನೆಗೆ ಬಂದ ಮೇಲೆ. ಕಾರ್ಬೈಡಿನ ನಾರುವ ದೀಪ ಹೋಗಿ ಟೋಪಿಗೆ ಸಿಕ್ಕಿಸುವ ಬ್ಯಾಟರಿ ದೀಪ ಬಂತು. ಗಾಳಿ ಆಡದ ಮೂಲೆಗಳಿಗೆ ಫ್ಯಾನು ಬಂತು. ಯಜಮಾನರು ಮನೆಗೆ ಬಂದು ಕೆಮ್ಮುವುದು ಕಡಿಮೆಯಾಯಿತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಕರೆಂಟು ಬಂದು ಕೆಡಿಸಿತು ಎನ್ನುವ ಮುದುಕಿಯರ ಸಾಲಿಗೆ ನನ್ನನ್ನು ಸೇರಿಸಬೇಡಿ. ಕತ್ತಲಲ್ಲಿ ಇದ್ದವರಿಗೇ ಬೆಳಕಿನ ಬೆಲೆ ಗೊತ್ತು.

ಅದರ ಜೊತೆಗೇ ಕಲ್ಲು ಎಳೆಯುವ ಯಂತ್ರವೂ ಬಂತು. ಕಬ್ಬಿಣದ ದೊಡ್ಡ ಬುಟ್ಟಿಗೆ ಉಕ್ಕಿನ ಹಗ್ಗ ಕಟ್ಟಿ, ಒಡೆದ ಕಲ್ಲನ್ನು ದರದರನೆ ಎಳೆದು ಗುಂಡಿಗೆ ಬೀಳಿಸುವುದು. ಮೊದಲು ಕೈಗಾಡಿಗೆ ತುಂಬಿ ತಳ್ಳುತ್ತಿದ್ದ ಕೆಲಸ ಅದು. ಬೆನ್ನು ಉಳಿಯಿತೆಂದು ಗಂಡಸರು ಖುಷಿಪಟ್ಟರು. ಗೊತ್ತಾಗದೆ ಹೋದದ್ದು ಒಂದಿತ್ತು. ಕೈಗಾಡಿ ತಳ್ಳುವವನಿಗೆ ಮುಂದೆ ಯಾರಿದ್ದಾರೆಂದು ಕಾಣುತ್ತಿತ್ತು. ಕಲ್ಲು ಕೂಡ ಬೀಳುವ ಮುಂಚೆ ಚೂರು ಉದುರಿಸುತ್ತದೆ, ಮರದ ಕಂಬ ಕಿರ್ ಎನ್ನುತ್ತದೆ, ಓಡಲು ಒಂದು ಗಳಿಗೆ ಕೊಡುತ್ತದೆ. ಈ ಯಂತ್ರದ ಸ್ವಿಚ್ಚು ಒಂದು ಕಡೆ, ಬುಟ್ಟಿ ಓಡಾಡುವುದು ತಿರುವಿನ ಆಚೆ. ಸ್ವಿಚ್ಚು ಹಾಕುವವನಿಗೆ ಹಗ್ಗದ ಮೇಲೆ ಯಾರು ಬಗ್ಗಿದ್ದಾರೆಂದು ಕಾಣುವುದಿಲ್ಲ. ಹಗ್ಗ ಸಿಕ್ಕಿಕೊಂಡರೆ ಬಿಡಿಸುವುದಕ್ಕೆ ಯಾರಾದರೂ ಬಗ್ಗಲೇಬೇಕು.

ಅದಕ್ಕೆ ಗಂಡಸರೇ ಒಂದು ಉಪಾಯ ಹೂಡಿದರು. ಯಾವ ಸಾಹೇಬನೂ ಹೇಳಿಕೊಟ್ಟದ್ದಲ್ಲ. ಹಗ್ಗ ಬಿಡಿಸಲು ಹೋಗುವವನು ಸ್ವಿಚ್ಚಿನ ಪಕ್ಕದ ಪಿಂಗಾಣಿಯ ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಫ್ಯೂಸು ಜೇಬಿನಲ್ಲಿ ಇರುವತನಕ ಸಾಕ್ಷಾತ್ ದೊರೆಯೇ ಬಂದು ಸ್ವಿಚ್ಚು ಹಾಕಿದರೂ ಹಗ್ಗ ಅಲುಗುವುದಿಲ್ಲ. ಕೆಲಸ ಮುಗಿಸಿ ವಾಪಸು ಬಂದು ಸಿಕ್ಕಿಸಬೇಕು, ಅಷ್ಟೆ.

ಅಷ್ಟೆ ಎಂದೆ, ಆದರೆ ಮನುಷ್ಯ ಮರೆಯುತ್ತಾನೆ. ಹಗ್ಗ ಬಿಡಿಸುವಷ್ಟರಲ್ಲಿ ಶಿಫ್ಟು ಮುಗಿದ ಗಂಟೆಯಾಗುತ್ತದೆ, ತೊಟ್ಟಿಲಿಗೆ ಜನ ನುಗ್ಗುತ್ತಾರೆ, ಇವನೂ ಓಡುತ್ತಾನೆ. ಫ್ಯೂಸು ಜೇಬಿನಲ್ಲೇ ಮೇಲೆ ಬರುತ್ತದೆ. ಗೇಟಿನಲ್ಲಿ ಹುಡುಕುವವನ ಕೈಗೆ ಅದು ಸಿಗುತ್ತಿತ್ತು. ಅದರ ಸಂದಿಯಲ್ಲಿ ಚಿನ್ನ ತುರುಕಿದ್ದಾರೇನೋ ಎಂದು ತಿರುಗಿಸಿ ನೋಡಿ, ಕಲ್ಲಿಗೆ ಟಕಟಕ ಬಡಿದು, ಏನೂ ಇಲ್ಲವೆಂದು ವಾಪಸು ಜೇಬಿಗೇ ಹಾಕಿ ಕಳಿಸುತ್ತಿದ್ದ. ಚಿನ್ನ ಹುಡುಕುವುದು ಅವನ ಕೆಲಸ. ಕೆಳಗೆ ಯಂತ್ರ ನಿಂತಿದೆಯೋ ಇಲ್ಲವೋ ಅವನಿಗೇನು.

ಹಾಗಾಗಿ ನಮ್ಮ ಲೈನಿನಲ್ಲಿ ಹೆಂಗಸರು ಒಗೆಯುವ ಕಲ್ಲಿನ ಹತ್ತಿರ ಮೊದಲು ಮಾಡುತ್ತಿದ್ದ ಕೆಲಸವೇ ಜೇಬು ನೋಡುವುದು. ಫ್ಯೂಸು ಸಿಕ್ಕರೆ ಸೆರಗು ಸಿಕ್ಕಿಸಿಕೊಂಡು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಟ. ಓಡುವವಳನ್ನು ನೋಡಿ ಮಿಕ್ಕವರಿಗೆ ನಗು. ನಾನೂ ಓಡಿದ್ದೇನೆ, ಸೋಪಿನ ಕೈಯಲ್ಲಿ, ಒಂದು ಸಲ ಬಸುರಿಯಾಗಿದ್ದಾಗಲೂ. ಆಗ ಹೊಟ್ಟೆಯಲ್ಲಿದ್ದವನೇ ಈ ಸೀನ.

ಪಕ್ಕದ ಮನೆಯ ದಾಸಪ್ಪ ಯಜಮಾನರ ಜೊತೆಯವನು. ಒಂದೇ ಶಿಫ್ಟು, ಒಂದೇ ಯಂತ್ರ. ನಾಲಿಗೆ ಚೂಪು, ಹೊಟ್ಟೆ ದೊಡ್ಡದು. ಹೆಂಡತಿ ತವರಿಗೆ ಹೋದಾಗಲೆಲ್ಲ ನಮ್ಮ ಮನೆಯಲ್ಲೇ ಉಂಡು, ಉಂಡ ಮುದ್ದೆಗೇ ಕೊಂಕು ತೆಗೆಯುತ್ತಿದ್ದ. ನಿಮ್ಮ ಮುದ್ದೆ ಹಾಕಿ ಹೊಡೆದ್ರೆ ಡೈನಮೈಟ್ ಬೇಡಕ್ಕಾ, ಕಲ್ಲು ತಾನೇ ಒಡೀತದೆ ಎನ್ನುತ್ತಿದ್ದ. ಇನ್ನೊಂದು ಮುದ್ದೆಗೆ ತಟ್ಟೆಯನ್ನೂ ಚಾಚುತ್ತಿದ್ದ.

ಸೀನ ಚಿಕ್ಕವನಿದ್ದಾಗ ಒಂದು ದಿನ ನನಗೆ ಜ್ವರ. ಬಟ್ಟೆ ಒಗೆಯಲಿಲ್ಲ, ಜೇಬು ನೋಡಲಿಲ್ಲ. ಫ್ಯೂಸು ಗೂಟಕ್ಕೆ ನೇತುಹಾಕಿದ ಚಡ್ಡಿಯಲ್ಲೇ ಉಳಿಯಿತು. ಕೆಳಗೆ ಮುಂದಿನ ಶಿಫ್ಟಿನವರು ಯಂತ್ರ ಓಡದೆ ಕೈಕಟ್ಟಿ ಕೂತರು. ಆಗ ಹೊಸದಾಗಿ ಬಂದಿದ್ದ ಮೇಲಿನವನು, ಅಂದರೆ ಅವರ ಸಾಹೇಬ, ಯಜಮಾನರನ್ನು ಎಲ್ಲರೆದುರಿಗೆ ನಿಲ್ಲಿಸಿ, ಕಂಪನಿಯ ಸಾಮಾನು ಮನೆಗೆ ಒಯ್ದ ಎಂದು ಕೆಲವು ದಿನ ಕೆಲಸಕ್ಕೆ ಬರಬೇಡ ಎಂದ. ಇನ್ನು ಮುಂದೆ ಫ್ಯೂಸು ಯಾರ ಮನೆಗೆ ಹೋದರೂ ಇದೇ ಗತಿ ಎಂದು ಸಾರಿದ. ಯಜಮಾನರು ಹೊಡೆಸಿಕೊಂಡವರ ಹಾಗೆ ಬಂದು ಕೂತರು. ಕಳ್ಳ ಅಂದ್ಬಿಟ್ಟನಲ್ಲೇ ಎಂದರು.

ಆಮೇಲೆ ಒಂದು ಫ್ಯೂಸೂ ಲೈನಿಗೆ ಬರಲಿಲ್ಲ. ಹೆಂಗಸರ ಓಟ ನಿಂತಿತು. ಆಫೀಸಿನವರಿಗೆ ಸಂತೋಷ, ಶಿಸ್ತು ಬಂತು ಎಂದು. ನಾವೂ ಹಾಗೇ ಅಂದುಕೊಂಡೆವು. ಕೆಳಗೆ ನಡೆಯುತ್ತಿದ್ದದ್ದು ಬೇರೆ. ಗಂಡಸರು ಫ್ಯೂಸು ಕೀಳುತ್ತಿದ್ದರು, ಆದರೆ ಜೇಬಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮರೆತು ಒಯ್ದರೆ ಎಂಬ ಹೆದರಿಕೆಗೆ ಅಲ್ಲೇ ಸ್ವಿಚ್ಚಿನ ಪಕ್ಕದ ಮರದ ಸಂದಿಗೆ ಸಿಕ್ಕಿಸಿ ಹೋಗುತ್ತಿದ್ದರು. ದಾಸಪ್ಪ ಹಾಗೆ ಸಿಕ್ಕಿಸಿ ಹಗ್ಗ ಬಿಡಿಸಲು ಹೋದ. ಆಗಷ್ಟೇ ಇಳಿದುಬಂದ ಮುಂದಿನ ಶಿಫ್ಟಿನವನು ಸಂದಿಯಲ್ಲಿ ಫ್ಯೂಸು ನೋಡಿದ. ಪಾಪ, ಯಾರೋ ಹಾಕುವುದು ಮರೆತಿದ್ದಾರೆ, ಹಾಕಿಬಿಡೋಣ ಎಂದುಕೊಂಡ. ಒಳ್ಳೆಯದಕ್ಕೇ ಹಾಕಿದ. ಸ್ವಿಚ್ಚೂ ಹಾಕಿದ.

ದಾಸಪ್ಪನನ್ನು ಮೇಲಕ್ಕೆ ತಂದಾಗ ನಾನು ಹೋಗಿ ನೋಡಿದೆ. ಅದನ್ನು ಬರೆಯುವುದಿಲ್ಲ. ಫ್ಯೂಸು ಹಾಕಿದವನು ಆಮೇಲೆ ಕೆಲಸ ಬಿಟ್ಟು ಊರಿಗೆ ಹೋದ. ಅವನ ತಪ್ಪು ಇರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ವಿಚಾರಣೆ ನಡೆಯಿತು, ಆ ಮೇಲಿನವನು ಬೇರೆ ಕಡೆ ಹೋದ. ಅವನ ಜಾಗಕ್ಕೆ ಬಂದವನು ಎಳೆ ವಯಸ್ಸಿನ ಎಂಜಿನಿಯರು, ಮಾತು ಕಡಿಮೆ. ಅವನು ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕುವ ಹಾಗೆ ಕಬ್ಬಿಣದ ಕೊಂಡಿ ಮಾಡಿಸಿದ. ಒಬ್ಬೊಬ್ಬನಿಗೂ ಒಂದು ಬೀಗ. ಒಳಗೆ ಹೋಗುವವನು ತನ್ನ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಇಬ್ಬರು ಹೋದರೆ ಎರಡು ಬೀಗ. ಇದು ಯಾರಾದರೂ ಯೋಚಿಸಬಹುದಾದದ್ದು. ಅವನು ಮಾಡಿದ ದೊಡ್ಡ ಕೆಲಸ ಬೇರೆ. ಕೀಲಿ ಮರೆತು ಮನೆಗೆ ಒಯ್ದವನಿಗೆ ಶಿಕ್ಷೆ ಇಲ್ಲ ಎಂದ. ಕೀಲಿ ತರುವುದಕ್ಕೆ ಆಫೀಸಿನ ಜೀಪನ್ನೇ ಕಳಿಸುತ್ತಿದ್ದ. ಜೀಪು ಲೈನಿನ ತಲೆಯಲ್ಲಿ ನಿಂತು ಹಾರನ್ನು ಹೊಡೆಯುತ್ತಿತ್ತು. ಯಾರಮ್ಮ ಇವತ್ತು ಗಣಿ ಕೀಲಿ ಮಗ್ಗುಲಲ್ಲಿ ಇಟ್ಕೊಂಡು ಮಲಗಿರೋ ಮಾರಾಯ ಎಂದು ಡ್ರೈವರು ಕೂಗುತ್ತಿದ್ದ. ಯಾವಳೋ ಒಬ್ಬಳು ನಾಚಿಕೊಂಡು ಕೀಲಿ ತಂದು ಕೊಡುತ್ತಿದ್ದಳು. ಯಜಮಾನರು ಎಷ್ಟೋ ಸಲ ಮರೆತಿದ್ದಾರೆ. ಕೊನೆಯತನಕ ಕೈ ಕಾಲು ನೆಟ್ಟಗೆ ಇದ್ದು, ಹಾಸಿಗೆಯಲ್ಲೇ ಸತ್ತರು.

ಹೋದ ತಿಂಗಳು ಕೀಲಿ ಕೈಯಲ್ಲಿ ಹಿಡಿದು ನಿಂತಾಗ ನನಗೆ ನೆನಪಾದದ್ದು ಇಷ್ಟು. ನೆನಪಿಗೆ ಹೊತ್ತು ಹಿಡಿಯುವುದಿಲ್ಲ, ಬರೆಯುವುದಕ್ಕೇ ಹಿಡಿಯುವುದು.

ಸೀನ ಚಾ ಕುಡಿಯುತ್ತಿದ್ದ. ಕೀಲಿ ನೋಡಿದವನೇ ಮುಖ ಬಿಳಿಚಿಕೊಂಡ. ಹಿಂದಿನ ಸಂಜೆ ಪುಡಿ ಕಲೆಸುವ ದೊಡ್ಡ ಯಂತ್ರದೊಳಗೆ ಇಳಿದು ಏನೋ ನೋಡಿದ್ದನಂತೆ, ಅದರ ಸ್ವಿಚ್ಚಿಗೆ ಹಾಕಿದ ಬೀಗ ಹಾಗೇ ಇದೆ. ಅಷ್ಟರಲ್ಲಿ ಫೋನು ಬಂತು. ಕಾರ್ಖಾನೆಯವರು, ಬೀಗ ನಿಮ್ಮದು, ಯಂತ್ರ ನಿಂತಿದೆ, ಏನು ಮಾಡೋಣ ಎಂದು ಕೇಳಿದರು. ಇವನು ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ, ನಾನೇ ಬೇಕೆಂದು ಹಾಕಿದ್ದೇನೆ, ಇವತ್ತು ಅದನ್ನು ಚೆಕ್ ಮಾಡುವುದಿದೆ, ನಾನು ಬರುವತನಕ ಯಾರೂ ಮುಟ್ಟಬೇಡಿ ಎಂದು ಗತ್ತಿನಿಂದ ಹೇಳಿ ಫೋನಿಟ್ಟ.

ಕನುಭಾಯಿ ಎನ್ನುವವನ ವಿಷಯ ನನಗೆ ಗೊತ್ತಿತ್ತು. ಆ ಯಂತ್ರದೊಳಗೆ ಇಳಿದು ಅಂಟಿದ ಪುಡಿ ಕೆರೆಯುವ ಕೆಲಸದವನು. ಕೆಲವು ವಾರಗಳ ಹಿಂದೆ ಅವನು ಕೀಲಿ ಮನೆಗೆ ಒಯ್ದನೆಂದು ಸೀನನೇ ಅವನನ್ನು ಕೆಲಸದಿಂದ ಕೆಲವು ದಿನ ಹೊರಗಿಟ್ಟಿದ್ದ. ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿಕೊಂಡಿದ್ದ. ಆಗ ನನಗೆ ಅದು ತಟ್ಟಲಿಲ್ಲ. ಅನ್ನ ಬಡಿಸುತ್ತಿದ್ದೆ, ಕಿವಿ ಅರ್ಧ ಇತ್ತು.

"ಕನುಭಾಯಿಗಾದ್ರೆ ಶಿಕ್ಷೆ, ನಿನಗಾದ್ರೆ ಚೆಕಿಂಗಾ?" ಎಂದೆ.

"ಅಮ್ಮ, ನಿಂಗೆ ಗೊತ್ತಾಗಲ್ಲ. ನಾನೇ ಮರೆತೆ ಅಂದ್ರೆ ನಾಳೆಯಿಂದ ಯಾರು ನನ್ನ ಮಾತು ಕೇಳ್ತಾರೆ? ಅವನನ್ನ ಕಳಿಸಿದ ಮೇಲೆ ಒಬ್ಬನೂ ಕೀಲಿ ಮನೆಗೆ ಒಯ್ದಿಲ್ಲ. ಒಬ್ಬನೂ."

ಲೈನಿಗೆ ಫ್ಯೂಸು ಬರುವುದು ನಿಂತಾಗ ಆಫೀಸಿನವರು ಆಡಿದ್ದೂ ಇದೇ ಮಾತು.

"ನಿಮ್ಮಪ್ಪ ಒಂದ್ಸಲ ಕೆಲ್ಸಕ್ಕೆ ಹೋಗದೆ ಮನೇಲಿದ್ರಲ್ಲ, ನೆನಪೈತಾ?" ಎಂದು ಕೇಳಿದೆ.

"ರಜ ಇತ್ತು. ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಕೆರೆ ಹತ್ರ ಕರ್ಕೊಂಡು ಹೋಗಿದ್ರು."

"ರಜ ಅಲ್ಲ ಕಣೋ ಅದು," ಎಂದೆ.

ಹೇಳಿದೆ. ನಿಮಗೆ ಹೇಳಿದಷ್ಟು ಉದ್ದವಾಗಿ ಅಲ್ಲ. ಕಳ್ಳ ಎನ್ನಿಸಿಕೊಂಡದ್ದು, ಫ್ಯೂಸು ಬರುವುದು ನಿಂತದ್ದು, ಆಫೀಸಿನವರ ಸಂತೋಷ, ಮರದ ಸಂದಿ, ದಾಸಪ್ಪ. ದಾಸಪ್ಪ ಸತ್ತದ್ದು ಅವನಿಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಲೈನಿನಲ್ಲಿ ಮಕ್ಕಳೆದುರು ಅದನ್ನೆಲ್ಲ ಆಡುತ್ತಿರಲಿಲ್ಲ.

ಚಾ ಆರಿತ್ತು. ಸೀನ ಲೋಟ ಕೆಳಗಿಟ್ಟು, ಒಳಗೆ ಹೋಗಿ ಪ್ಯಾಂಟು ಹಾಕಿಕೊಂಡು ಬಂದ. ತಿಂಡಿ ತಿನ್ನಲಿಲ್ಲ. ಲತಾ ಬಾಗಿಲಿಗೆ ಬಂದು ಕೂಗುವಷ್ಟರಲ್ಲಿ ಸ್ಕೂಟರು ಗೇಟು ದಾಟಿತ್ತು. ನೀವು ಏನಂದ್ರಿ ಅತ್ತೆ ಎಂದು ಅವಳು ನನ್ನನ್ನೇ ಕೇಳಿದಳು. ಅವಳಿಗೂ ಹೇಳಿದೆ. ಅವಳು ಆಮೇಲೆ ಮಧ್ಯಾಹ್ನದತನಕ ಫೋನಿನ ಪಕ್ಕವೇ ಕೂತಿದ್ದಳು. ನಾನು ಕೆಂಪು ನೀರಿನಲ್ಲಿ ಪ್ಯಾಂಟು ಉಜ್ಜಿದೆ. ಬೇರೆ ಏನು ಮಾಡಬೇಕು.

ಸಂಜೆ ಬಂದವನು ಕೈಕಾಲು ತೊಳೆದು ನನ್ನ ಎದುರಿಗೆ ನೆಲದ ಮೇಲೆ ಕೂತ. ಚಿಕ್ಕಂದಿನಲ್ಲಿ ಬಿಟ್ಟರೆ ಅವನು ಹಾಗೆ ಕೂತವನಲ್ಲ. ಅಲ್ಲಿ ಕಲೆಸುವ ಯಂತ್ರಗಳು ಎರಡಂತೆ. ಇವನ ಬೀಗ ಇದ್ದದ್ದು ಒಂದಕ್ಕೆ. ಇವನು ಯಾರಿಗೂ ಹೇಳದೆ ಹಿಂದಿನ ಬಾಗಿಲಿನಿಂದ ನೇರ ಇನ್ನೊಂದರ ಹತ್ತಿರ ಹೋಗಿದ್ದಾನೆ.

"ಒಳಗೆ ಕನುಭಾಯಿ ಕೂತು ಕೆರೀತಿದ್ದ ಅಮ್ಮ. ಅಲಗುಗಳ ಮಧ್ಯೆ. ಸ್ವಿಚ್ಚಿಗೆ ಬೀಗ ಇರಲಿಲ್ಲ."

"ಬೀಗ ಎಲ್ಲಿತ್ತು?"

"ಗೋಡೆ ಮೊಳೇಲಿ. ಎಲ್ಲರದ್ದೂ ಅಲ್ಲೇ ಸಾಲಾಗಿ ನೇತಾಡ್ತಿದ್ವು. ಮೇಲೆಲ್ಲ ಧೂಳು."

ಮೊಳೆಯಿಂದ ತೆಗೆಯದ ಬೀಗದ ಕೀಲಿ ಮನೆಗೆ ಹೋಗುವುದಾದರೂ ಹೇಗೆ. ಇವನು ಒಬ್ಬನೂ ಒಯ್ದಿಲ್ಲ ಎಂದು ಹೆಮ್ಮೆಪಟ್ಟ ಅಷ್ಟೂ ದಿನ ಜನ ಹಾಗೆಯೇ ಒಳಗೆ ಇಳಿದು ಹತ್ತುತ್ತಿದ್ದರು. ಯಾರ ಕೈಯೂ ಸ್ವಿಚ್ಚಿಗೆ ಹೋಗಲಿಲ್ಲ, ಅದಕ್ಕೆ ಬದುಕಿದ್ದರು.

ಸೀನ ಕನುಭಾಯಿಯನ್ನು ಹೊರಗೆ ಕರೆದು, ಎಲ್ಲರನ್ನೂ ಸೇರಿಸಿ, ಚೆಕಿಂಗು ಗಿಕಿಂಗು ಏನೂ ಇಲ್ಲ, ನಾನೂ ಮರೆತು ಕೀಲಿ ಮನೆಗೆ ಒಯ್ದಿದ್ದೆ ಎಂದು ಕೀಲಿಯನ್ನೇ ತೋರಿಸಿದನಂತೆ. ನಿನ್ನನ್ನು ಕಳಿಸಿದ್ದು ತಪ್ಪಾಯಿತು ಎಂದು ಕನುಭಾಯಿಗೆ ಹೇಳಿದನಂತೆ. ಇನ್ನು ಮುಂದೆ ಮರೆತವರಿಗೆ ಶಿಕ್ಷೆ ಇಲ್ಲ, ಬೀಗ ಹಾಕದೆ ಇಳಿದವರನ್ನು ಮಾತ್ರ ಬಿಡುವುದಿಲ್ಲ ಎಂದನಂತೆ. ಕನುಭಾಯಿ ಏನೆಂದ ಎಂದು ಕೇಳಿದೆ. ಛಾಸ್ ಎನ್ನುವ ಮಜ್ಜಿಗೆ ಕುಡಿಯುತ್ತಿದ್ದ, ಇನ್ನೊಂದು ಲೋಟಕ್ಕೆ ಬಗ್ಗಿಸಿ ನನ್ನ ಕಡೆ ತಳ್ಳಿದ ಎಂದ. ಮಾಲೀಕ ಮಾತ್ರ ಸುಮ್ಮನೆ ಬಿಟ್ಟಿಲ್ಲ. ಯಂತ್ರ ನಿಂತರೆ ಇನ್ನು ನೀನೇ ಜವಾಬ್ದಾರಿ, ನಿನ್ನ ಕೆಲಸ ಹೋಗದ ಹಾಗೆ ನೀನು ನೋಡಿಕೊ ಎಂದಿದ್ದಾನೆ. ಲತಾ ಇದನ್ನು ಕೇಳಿ ಒಲೆಯ ಕಡೆ ತಿರುಗಿದಳು. ಮನೆ ಬಾಡಿಗೆ, ಮಗಳ ಶಾಲೆ ಅವಳ ತಲೆಯಲ್ಲಿ ಓಡಿರಬೇಕು. ಅದೂ ಸುಳ್ಳಲ್ಲ.

ನನ್ನ ತಲೆಯಲ್ಲಿ ಓಡಿದ್ದು ಬೇರೆ. ಯಜಮಾನರನ್ನು ಮನೆಗೆ ಕಳಿಸಿದ ಆ ಮೇಲಿನವನನ್ನು ನಾನು ಇಷ್ಟು ವರ್ಷ ರಾಕ್ಷಸ ಎಂದುಕೊಂಡಿದ್ದೆ. ಅವನ ವಂಶಕ್ಕೆಲ್ಲ ಬೈದಿದ್ದೇನೆ. ಈಗ ನೋಡಿದರೆ ಅವನಿಗೂ ಮನೆಯಲ್ಲಿ ಅನ್ನ ಬಡಿಸುವ ಅಮ್ಮ ಇದ್ದಿರಬಹುದು, ಅವನೂ ಊಟಕ್ಕೆ ಕೂತು ಶಿಸ್ತು ಬಂತಮ್ಮ ಎಂದಿರಬಹುದು. ಮುಖದಲ್ಲಿ ಕೋರೆಹಲ್ಲು ಇರಬೇಕಾಗಿಲ್ಲ. ಯಂತ್ರ ನಿಂತದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಬೀಗ ಹಾಕಿದ್ದಕ್ಕೆ ಸಾಯದೆ ಉಳಿದವನು ಯಾರ ಕಣ್ಣಿಗೂ ಕಾಣುವುದಿಲ್ಲ, ತಾನು ಉಳಿದೆನೆಂದು ಅವನಿಗೇ ಗೊತ್ತಾಗುವುದಿಲ್ಲ. ಕುರ್ಚಿಯಲ್ಲಿ ಕೂತವನು ಕಂಡದ್ದಕ್ಕೆ ಸಿಟ್ಟಾಗುತ್ತಾನೆ. ನಾನೇ ಆ ಕುರ್ಚಿಯಲ್ಲಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ. ಹಾಗೆಂದು ಅವನನ್ನು ಕ್ಷಮಿಸಿಲ್ಲ. ಬೈಯುವಾಗ ವಂಶವನ್ನು ಬಿಟ್ಟಿದ್ದೇನೆ, ಅಷ್ಟೆ.

ಈಗ ಶನಿವಾರ ಶನಿವಾರ ಸೀನ ಬಂದು ಚಪ್ಪಲಿ ಬಿಡುವ ಮೊದಲೇ, ಈ ವಾರ ಯಾರು ಮರೆತರು ಎಂದು ಕೇಳುತ್ತೇನೆ. ಮೊದಲ ವಾರ ಒಬ್ಬ ಕೀಲಿಯನ್ನು ಬಾಪುನಗರದ ತನ್ನ ಮನೆಯತನಕ ಒಯ್ದಿದ್ದನಂತೆ, ಇವನೇ ಸ್ಕೂಟರಿನಲ್ಲಿ ಹೋಗಿ ತಂದ. ಮರುವಾರ ಇಬ್ಬರು. ಹೀಗಾದರೆ ನನ್ನ ಕೆಲಸ ಉಳಿದ ಹಾಗೇ ಎಂದು ಗೊಣಗುತ್ತಾನೆ. ಗೊಣಗಲಿ. ಅಂಥ ದಿನ ನನಗೆ ಊಟ ಚೆನ್ನಾಗಿ ಸೇರುತ್ತದೆ. ಈ ಶನಿವಾರ ಕೇಳಿದಾಗ, ಯಾರೂ ಇಲ್ಲಮ್ಮ, ಈ ವಾರ ಎಲ್ಲ ಸಲೀಸು ಎಂದ. ಎಂದವನು ನನ್ನ ಮುಖ ನೋಡಿದ. ಬಿಡುತ್ತಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ಆ ಮೊಳೆಗಳನ್ನು ಒಂದು ಸಲ ನೋಡಿ ಬರುತ್ತೇನೆ ಎಂದು ಮೆಟ್ಟಿಲಿಳಿದ.